ಯೋಗ್ಯಾಸೂತ್ರೀಯಾಧ್ಯಾಯವೂ ಕಸಿಶಸ್ತ್ರದ ಅಭ್ಯಾಸಪ್ರತಿಕೃತಿಗಳೂ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಒಂಬತ್ತನೆಯದಾದ ಯೋಗ್ಯಾಸೂತ್ರೀಯಾಧ್ಯಾಯವು ಗಾತ್ರದಲ್ಲಿ ಬಹಳ ಚಿಕ್ಕದು. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನಿಂದ ಗುರುವು ಕೈಕೆಲಸವನ್ನು ಅಭ್ಯಾಸಮಾಡಿಸಬೇಕೆಂಬ ವಿಧಿ, ಯಾವ ಕೆಲಸವನ್ನು ಯಾವ ವಸ್ತುವಿನ ಮೇಲೆ ಮಾಡಿಸಬೇಕೆಂಬ ಒಂದು ಪಟ್ಟಿ, ಕೊನೆಯಲ್ಲಿ ಶ್ಲೋಕರೂಪವಾದ ಉಪಸಂಹಾರ, ಇಷ್ಟೇ ಅದರ ಒಡಲು. ಆದರೂ ವೈದ್ಯಚರಿತ್ರೆಯನ್ನು ಬರೆದವರಲ್ಲಿ ಈ ಅಧ್ಯಾಯವನ್ನು ಹೆಸರಿಸದವರು ವಿರಳ. ಕುಂಬಳಕಾಯಿಯನ್ನು ಕೊಯ್ದು ಶಸ್ತ್ರವಿದ್ಯೆ ಕಲಿತರೆಂಬುದನ್ನು ಕೆಲವರು ಅಭಿಮಾನದಿಂದ ಎತ್ತಿ ಆಡುತ್ತಾರೆ. ಕೆಲವರು ಮುಗುಳ್ನಗೆಯಿಂದ ಮುಂದೆ ಸಾಗುತ್ತಾರೆ. ಈ ಎರಡು ಪಕ್ಷದವರೂ ಪಟ್ಟಿಯನ್ನು ಪಟ್ಟಿಯೆಂದೇ ಓದಿದರಲ್ಲದೆ, ಆ ವಸ್ತುಗಳನ್ನು ಆರಿಸಿದ ಬುದ್ಧಿಯು ಯಾವ ನಿಯಮವನ್ನು ಅನುಸರಿಸಿತೆಂದು ವಿಚಾರಿಸಿದಂತೆ ಕಾಣುವುದಿಲ್ಲ. ಅಂಗಗಳ ಕಸಿಯನ್ನು ಕಲಿಯುವ ಶಸ್ತ್ರವೈದ್ಯರಿಗಾಗಿ ಅಲ್ಪವೆಚ್ಚದ ಅಭ್ಯಾಸಪ್ರತಿಕೃತಿಗಳನ್ನು ರಚಿಸುವ ಪ್ರಯತ್ನವು ಇಂದು ಹಲವು ದೇಶಗಳಲ್ಲಿ ನಡೆಯುತ್ತಿರುವುದರಿಂದ, ಆ ನಿಯಮದ ವಿಚಾರವು ಕೇವಲ ಪ್ರಾಚೀನಶೋಧನೆಯಾಗಿ ಉಳಿದಿಲ್ಲ.

ಮೊದಲು ಅಧ್ಯಾಯದ ಹೆಸರನ್ನೇ ನೋಡಬಹುದು. 'ಯೋಗ್ಯಾ' ಎಂಬುದು ಆಕಾರಾಂತವಾದ ಸ್ತ್ರೀಲಿಂಗ ಶಬ್ದ. ಅಭ್ಯಾಸ, ಸಾಧನೆ ಎಂಬುದು ಅದರ ಅರ್ಥ. ಕನ್ನಡದಲ್ಲಿ 'ಯೋಗ್ಯ', 'ಯೋಗ್ಯತೆ' ಎಂಬ ರೂಪಗಳು ಬಳಕೆಯಲ್ಲಿದ್ದು, ಅಭ್ಯಾಸಾರ್ಥದ ಈ ರೂಪವು ಬಿಟ್ಟುಹೋಗಿರುವುದರಿಂದ, ಕನ್ನಡ ಬಲ್ಲ ಓದುಗನು ಇದನ್ನು 'ಯೋಗ್ಯರನ್ನು ಕುರಿತ ಅಧ್ಯಾಯ' ಎಂದು ತಿಳಿಯುವ ಸಂಭವವುಂಟು. ಆ ತಪ್ಪುತಿಳಿವಿನಲ್ಲಿಯೂ ಒಂದು ಸತ್ಯಾಂಶವಿಲ್ಲದಿಲ್ಲ. ಎಷ್ಟೇ ಬಹುಶ್ರುತನಾಗಿದ್ದರೂ ಯೋಗ್ಯೆಯನ್ನು ಮಾಡದವನು ಕರ್ಮದಲ್ಲಿ ಅಯೋಗ್ಯನೇ ಆಗುವನೆಂಬ ಅಭಿಪ್ರಾಯವನ್ನು ಗ್ರಂಥಕಾರನು ಈ ಎರಡು ಶಬ್ದಗಳ ಮೇಲೆ ಆಡಿಯೇ ಹೇಳಿರುವನು. ಅರ್ಹತೆಯೆಂಬುದು ಹುಟ್ಟಿನಿಂದಲಾಗಲಿ ಓದಿನಿಂದಲಾಗಲಿ ಬರುವ ಗುಣವಲ್ಲ, ಕೈಯ ಪುನರಾವೃತ್ತಿಯಿಂದ ಹುಟ್ಟುವ ಗುಣ ಎಂಬ ನಿಲುವು ಶಬ್ದಚಮತ್ಕಾರದೊಳಗೇ ಅಡಗಿದೆ. 'ಹಾಡುತ್ತಾ ಹಾಡುತ್ತಾ ರಾಗ' ಎಂಬ ಕನ್ನಡದ ಗಾದೆಯೂ ಇದನ್ನೇ ಹೇಳುತ್ತದೆ. ಅದರ ಉತ್ತರಾರ್ಧವು ನರಳುವವನನ್ನು ಕುರಿತದ್ದಾಗಿರುವುದು ಈ ಪ್ರಸಂಗದಲ್ಲಿ ವಿಚಿತ್ರವಾಗಿ ಒಪ್ಪುತ್ತದೆ. ಶಸ್ತ್ರವೈದ್ಯನು ರಾಗವನ್ನು ಕಲಿಯುವಾಗ ನರಳಬೇಕಾದವನು ಬೇರೊಬ್ಬನಲ್ಲವೆ?

ಇನ್ನು ಪಟ್ಟಿಯ ವಿಚಾರ. ಛೇದ್ಯವೆಂಬ ಕತ್ತರಿಸುವ ಕೆಲಸಕ್ಕೆ ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳು. ಭೇದ್ಯವೆಂಬ ಸೀಳುವ ಕೆಲಸಕ್ಕೆ ನೀರು ಅಥವಾ ಕೆಸರು ತುಂಬಿದ ತೊಗಲಿನ ಚೀಲ, ಸತ್ತ ಪ್ರಾಣಿಯ ಮೂತ್ರಕೋಶ. ಲೇಖ್ಯವೆಂಬ ಕೆರೆಯುವ ಕೆಲಸಕ್ಕೆ ಕೂದಲು ಸಹಿತವಾದ ಚರ್ಮ. ವೇಧ್ಯವೆಂಬ ಚುಚ್ಚುವ ಕೆಲಸಕ್ಕೆ ಸತ್ತ ಪ್ರಾಣಿಯ ಸಿರೆ, ತಾವರೆಯ ದಂಟು. ಏಷ್ಯವೆಂಬ ಶಲಾಕೆಯಿಂದ ಹುಡುಕುವ ಕೆಲಸಕ್ಕೆ ಹುಳು ಕೊರೆದ ಮರ, ಬಿದಿರು, ಒಣಗಿದ ಸೋರೆಯ ಬಾಯಿ. ಆಹಾರ್ಯವೆಂಬ ಕೀಳುವ ಕೆಲಸಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು ಮತ್ತು ಸತ್ತ ಪ್ರಾಣಿಯ ಹಲ್ಲು. ವಿಸ್ರಾವ್ಯವೆಂಬ ಸೋರಿಸುವ ಕೆಲಸಕ್ಕೆ ಜೇನುಮೇಣ ಬಳಿದ ಬೂರುಗದ ಹಲಗೆ. ಸೀವ್ಯವೆಂಬ ಹೊಲಿಗೆಗೆ ನಯವಾದ ದಟ್ಟನೆಯ ಬಟ್ಟೆಯ ಅಂಚು, ಮೆತ್ತನೆಯ ತೊಗಲಿನ ಅಂಚು. ಇವು ಎಂಟು ವಿಧದ ಶಸ್ತ್ರಕರ್ಮಗಳಿಗೆ ಹೇಳಿದವು. ಇವಲ್ಲದೆ ಕಟ್ಟು ಕಟ್ಟುವುದನ್ನು ಬೊಂಬೆಯ ಅಂಗಾಂಗಗಳ ಮೇಲೆಯೂ, ಅಗ್ನಿಕ್ಷಾರಗಳ ಪ್ರಯೋಗವನ್ನು ಮೃದುವಾದ ಮಾಂಸಖಂಡಗಳ ಮೇಲೆಯೂ, ನಳಿಗೆಯನ್ನು ಒಳಸೇರಿಸುವುದನ್ನು ನೀರು ತುಂಬಿದ ಕೊಡದ ಪಕ್ಕದ ತೂತಿನಲ್ಲಿಯೂ ಕಲಿಸಬೇಕೆಂದಿದೆ.

ಒಂದೊಂದನ್ನಾಗಿ ಕೈಯಲ್ಲಿ ಹಿಡಿದು ನೋಡಿದರೆ ಆಯ್ಕೆಯ ಸೂಕ್ಷ್ಮತೆ ಗೋಚರವಾಗುವುದು. ನೀರು ತುಂಬಿದ ತೊಗಲಿನ ಚೀಲವು ಮನುಷ್ಯನ ಹೊಟ್ಟೆಯನ್ನಾಗಲಿ ಬಾವನ್ನಾಗಲಿ ಆಕಾರದಲ್ಲಿ ಹೋಲುವುದಿಲ್ಲ. ಆದರೆ ಒಳಗಿನ ಒತ್ತಡದಿಂದ ಬಿಗಿದುಕೊಂಡಿರುವ ಪೊರೆಯನ್ನು ಎಷ್ಟು ಒತ್ತಿದರೆ ಅದು ಸೀಳುವುದು, ಸೀಳಿದೊಡನೆ ಕೈಯನ್ನು ಹೇಗೆ ಹಿಂತೆಗೆಯಬೇಕು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ವಸ್ತು ದುರ್ಲಭ. ಕೂದಲುಳ್ಳ ಚರ್ಮವನ್ನು ಕೆರೆಯುವವನ ಕೈ ಹಗುರವಾದರೆ ಕೂದಲು ಉಳಿಯುವುದು, ಭಾರವಾದರೆ ಚರ್ಮ ಹರಿಯುವುದು; ಎರಡು ತಪ್ಪುಗಳೂ ಕಣ್ಣಿಗೆ ಕಾಣುವುವು. ಹುಳು ಕೊರೆದ ಮರದ ದಾರಿಯು ಡೊಂಕು, ಹೊರಗಿನಿಂದ ಕಾಣದು, ಶಲಾಕೆಯ ತುದಿಯು ಬೆರಳಿಗೆ ಹೇಳಿದಷ್ಟೇ ತಿಳಿವು. ಹಲಸಿನ ತಿರುಳು ಜಾರುವಂಥದು, ಹಲ್ಲು ಬೇರೂರಿದಂಥದು. ಕೀಳುವ ಕೆಲಸದಲ್ಲಿ ಎದುರಾಗುವ ಎರಡು ವಿರುದ್ಧ ಕಷ್ಟಗಳು ಇವು. ಮೇಣ ಬಳಿದ ಹಲಗೆಯ ಉದಾಹರಣೆಯು ಹೊರನೋಟಕ್ಕೆ ಅಸಂಗತವಾಗಿ ತೋರುವುದು. ಹಲಗೆಯಿಂದ ಸೋರುವುದೇನೂ ಇಲ್ಲವಷ್ಟೆ. ಮೇಲೆ ಮೆತ್ತನೆಯ ಪದರ, ಅಡಿಯಲ್ಲಿ ಬೇರೆ ಗಡಸಿನ ಮರ. ಮೇಣವು ಮಾತ್ರ ಸೀಳಿ ಮರಕ್ಕೆ ಗೀರು ಬೀಳದಂತೆ ಅಲಗನ್ನು ನಡೆಸಬೇಕು ಎಂದಿಟ್ಟುಕೊಂಡರೆ ಅದು ಸಂಗತವಾಗುತ್ತದೆ. ರಕ್ತವನ್ನಾಗಲಿ ಕೀವನ್ನಾಗಲಿ ಸೋರಿಸುವವನಿಗೆ ಬೇಕಾದ ಮುಖ್ಯ ಜ್ಞಾನವು ಆಳದ ಜ್ಞಾನವೇ.

ಇಷ್ಟು ವಸ್ತುಗಳಲ್ಲಿ ಮನುಷ್ಯನ ಆಕಾರವಿರುವುದು ಒಂದಕ್ಕೆ ಮಾತ್ರ, ಕಟ್ಟು ಕಟ್ಟುವ ಬೊಂಬೆಗೆ. ಭುಜ, ಮೊಣಕಾಲು, ತಲೆ ಇವುಗಳ ಉಬ್ಬುತಗ್ಗುಗಳಿಗೆ ಬಟ್ಟೆಯನ್ನು ಹೊಂದಿಸುವ ಕೆಲಸದಲ್ಲಿ ಆಕಾರವೇ ಪ್ರಧಾನ. ಬೊಂಬೆಯನ್ನು ಮಾಡಿಸಬಲ್ಲವರು ಉಳಿದ ಕೆಲಸಗಳಿಗೂ ಬೊಂಬೆಯನ್ನೇ ಮಾಡಿಸಬಹುದಾಗಿತ್ತು, ಮಾಡಿಸಲಿಲ್ಲ. ಆದಕಾರಣ ಕಾಯಿಪಲ್ಲೆಗಳ ಆಯ್ಕೆಯು ಬಡತನದ ಉಪಾಯವೆಂದಾಗಲಿ ಕಲ್ಪನೆಯ ಕೊರತೆಯೆಂದಾಗಲಿ ಹೇಳಲವಕಾಶವಿಲ್ಲ.

ಉಪಸಂಹಾರದ ಶ್ಲೋಕದಲ್ಲಿ ಆ ನಿಯಮವನ್ನು ಗ್ರಂಥಕಾರನು ತಾನೇ ಸೂತ್ರಿಸಿದ್ದಾನೆ. ಯಾವ ಕರ್ಮಕ್ಕೆ ಯಾವ ವಸ್ತುವಿನಲ್ಲಿ ಸಾಧರ್ಮ್ಯವುಂಟೋ ಅಲ್ಲಿ ಯೋಗ್ಯೆಯನ್ನು ಮಾಡಬೇಕೆಂಬುದು ಅದರ ತಾತ್ಪರ್ಯ. ಇಲ್ಲಿ ಬಳಸಿರುವ ಪದವು ಸಾರೂಪ್ಯವಲ್ಲ, ಸಾಧರ್ಮ್ಯ. ಸಾಹಿತ್ಯದ ಅಧ್ಯಾಪಕರಿಗೆ ಈ ಶಬ್ದವು ಹೊಸತಲ್ಲ. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಉಪಮೆಗೆ ಲಕ್ಷಣವನ್ನು ಹೇಳುವಾಗ ಇದೇ ಪದವನ್ನು ಹಿಡಿದು, ಉಪಮಾನೋಪಮೇಯಗಳಲ್ಲಿ ಭೇದವೂ ಇರಬೇಕೆಂದು ಸೇರಿಸುತ್ತಾನೆ. ಮುಖಕ್ಕೆ ಚಂದ್ರನನ್ನು ಹೋಲಿಸುವ ಕವಿಯು ಆಹ್ಲಾದಕತ್ವವೆಂಬ ಒಂದು ಧರ್ಮವನ್ನು ತೆಗೆದುಕೊಂಡು, ಕಲೆಯನ್ನೂ ಕ್ಷಯವನ್ನೂ ಬಿಟ್ಟುಬಿಡುತ್ತಾನೆ. ಎಲ್ಲ ಧರ್ಮಗಳೂ ಕೂಡಿದರೆ ಉಪಮೆಯೇ ಉಳಿಯುವುದಿಲ್ಲ. ಯೋಗ್ಯಾಸೂತ್ರೀಯದ ಕುಂಬಳಕಾಯಿಯೂ ಶರೀರಕ್ಕೆ ಇಂಥದೊಂದು ಉಪಮಾನ. ಛೇದ್ಯತ್ವವು ಅಲ್ಲಿನ ಸಾಧಾರಣಧರ್ಮ. ಅಭ್ಯಾಸಪ್ರತಿಕೃತಿಯನ್ನು ವಿಮರ್ಶಿಸುವವನು ಕೇಳಬೇಕಾದ ಮೊದಲ ಪ್ರಶ್ನೆಯು ಅದು ದೇಹದಂತೆ ಕಾಣುವುದೇ ಎಂಬುದಲ್ಲ. ಕಲಿಯಬೇಕಾದ ಕೆಲಸದಲ್ಲಿ ದೇಹವು ಕೈಗೆ ಒಡ್ಡುವ ಪ್ರತಿರೋಧವನ್ನು ಅದೂ ಒಡ್ಡುವುದೇ, ತಪ್ಪಿದಾಗ ತಪ್ಪನ್ನು ತೋರಿಸುವುದೇ ಎಂಬುದು.

ಕಸಿಯೊಡನೆ ಈ ಗ್ರಂಥಕ್ಕಿರುವ ಸಂಬಂಧವನ್ನು ಹೇಳುವಾಗ ಸ್ವಲ್ಪ ಎಚ್ಚರಿಕೆ ಬೇಕು. ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಹರಿದ ಕಿವಿಯ ಹಾಲೆಯನ್ನು ಜೋಡಿಸುವ ಮತ್ತು ಕತ್ತರಿಸಿಹೋದ ಮೂಗನ್ನು ಕಟ್ಟುವ ವಿಧಾನಗಳಿವೆ. ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಆ ಪ್ರಮಾಣದಲ್ಲಿ ಕೆನ್ನೆಯಿಂದ ಬುಡ ಬಿಡದಂತೆ ಚರ್ಮಮಾಂಸವನ್ನೆತ್ತಿ, ಮೂಗಿನ ಸ್ಥಾನವನ್ನು ಕೆರೆದು ಅಲ್ಲಿ ಕೂಡಿಸಿ, ಎರಡು ನಳಿಗೆಗಳನ್ನಿಟ್ಟು ಎತ್ತರಿಸಬೇಕೆಂದು ಹೇಳಿದೆ. ಎಲೆಯೆಂಬುದು ಇಲ್ಲಿ ಅತ್ಯಲ್ಪ ವೆಚ್ಚದ ಪ್ರತಿಕೃತಿಯೇ ಸರಿ. ಅದರಿಂದ ಗ್ರಹಿಸಿದ ಧರ್ಮ ಅಳತೆಯೊಂದೇ. ೧೭೯೪ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ವೃತ್ತಾಂತವು ಇದಕ್ಕೆ ಸಂವಾದಿಯಾಗಿದೆ. ೧೭೯೨ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬವನು ಟೀಪೂಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹಣೆಯ ಚರ್ಮದಿಂದ ಮೂಗನ್ನು ಕಟ್ಟಿದನು. ಅವನು ಮೊದಲು ಮೇಣದ ತೆಳುಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಬಳಿಕ ಅದನ್ನು ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಗೆರೆಯೆಳೆದುಕೊಂಡನೆಂದು ವೃತ್ತಾಂತದಲ್ಲಿದೆ. ಎಲೆಗಿಂತ ಮೇಣವು ಒಂದು ಹೆಜ್ಜೆ ಮುಂದೆ. ಉಬ್ಬಿದ ಆಕಾರವು ಸಮತಲದಲ್ಲಿ ಎಷ್ಟು ಚರ್ಮವನ್ನು ಬೇಡುವುದೆಂಬುದನ್ನು ಅದು ತಿಳಿಸುತ್ತದೆ. ಈ ವರದಿಯನ್ನು ಓದಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಶವಗಳ ಮೇಲೆ ಅಭ್ಯಾಸ ಮಾಡಿ, ೧೮೧೪ರಲ್ಲಿ ಮೊದಲ ಸಲ ಜೀವಂತನ ಮೇಲೆ ಪ್ರಯೋಗಿಸಿ, ೧೮೧೬ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು.

ಆದರೆ ಇದೆಲ್ಲವೂ ಒಬ್ಬನ ಚರ್ಮವನ್ನು ಅವನಿಗೇ ಜೋಡಿಸಿದ ವಿಚಾರ. ಬುಡ ಬಿಡದೆ ಎತ್ತಿದ ಚರ್ಮಕ್ಕೆ ರಕ್ತವು ಹರಿಯುತ್ತಲೇ ಇರುವುದು. ಒಬ್ಬನ ಅಂಗವನ್ನು ಸಂಪೂರ್ಣವಾಗಿ ಬೇರ್ಪಡಿಸಿ ಮತ್ತೊಬ್ಬನಲ್ಲಿ ನಿಲ್ಲಿಸುವುದು ಜಾತಿಯಲ್ಲಿಯೇ ಬೇರೆಯಾದ ಕಾರ್ಯ. ಕನ್ನಡದಲ್ಲಿ ತೋಟಗಾರರ 'ಕಸಿ' ಎಂಬ ಮಾತು ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ, ಸುಶ್ರುತನ ಕಾಲದಲ್ಲಿಯೇ ಅಂಗಗಳ ಕಸಿಯಿತ್ತೆಂದು ಹೇಳಿಬಿಡುವ ಉತ್ಸಾಹಕ್ಕೆ ಎಡೆಯಾಗಿದೆ. ಹಾಗೆ ಹೇಳುವುದರಿಂದ ಗ್ರಂಥಕ್ಕೆ ಗೌರವವೇನೂ ಹೆಚ್ಚುವುದಿಲ್ಲ.

ಅಂಗಗಳ ಕಸಿಗೆ ಮೊದಲು ಬೇಕಾದುದು ರಕ್ತನಾಳಗಳ ಹೊಲಿಗೆ. ೧೮೯೪ರಲ್ಲಿ ಫ್ರಾನ್ಸಿನ ಅಧ್ಯಕ್ಷನಾದ ಸಾದಿ ಕಾರ್ನೊ ಲಿಯೋನ್ ನಗರದಲ್ಲಿ ಇರಿತಕ್ಕೆ ಸಿಕ್ಕಿ, ಯಕೃತ್ತಿಗೆ ಹೋಗುವ ದೊಡ್ಡ ಸಿರೆ ಕತ್ತರಿಸಿ ಮೃತನಾದಾಗ, ಅಂಥ ನಾಳವನ್ನು ಹೊಲಿಯಬಲ್ಲ ವಿಶ್ವಸನೀಯವಾದ ಕ್ರಮವು ವೈದ್ಯರಲ್ಲಿರಲಿಲ್ಲ. ಅದೇ ನಗರದಲ್ಲಿ ವಿದ್ಯಾರ್ಥಿಯಾಗಿದ್ದ ಅಲೆಕ್ಸಿಸ್ ಕ್ಯಾರೆಲ್ ಕಸೂತಿಯ ಕೆಲಸದಲ್ಲಿ ಹೆಸರಾಗಿದ್ದ ಲೆರುದಿಯೆ ಎಂಬಾಕೆಯ ಬಳಿ ಸೂಜಿಯ ಪಾಠವನ್ನು ಹೇಳಿಸಿಕೊಂಡನೆಂಬುದು ಪ್ರಸಿದ್ಧವಾದ ಸಂಗತಿ. ನಾಳದ ದುಂಡು ಬಾಯಿಗೆ ಮೂರು ಕಡೆ ದಾರ ಕಟ್ಟಿ ಎಳೆದು, ದುಂಡನ್ನು ತ್ರಿಕೋಣವನ್ನಾಗಿ ಮಾಡಿ, ಒಂದೊಂದು ಬದಿಯನ್ನೂ ನೇರವಾದ ಅಂಚಿನಂತೆ ಹೊಲಿಯುವ ಅವನ ವಿಧಾನವು ೧೯೦೨ರಲ್ಲಿ ಪ್ರಕಟವಾಯಿತು. ೧೯೧೨ರಲ್ಲಿ ನೊಬೆಲ್ ಬಹುಮಾನ ಬಂದಿತು. ಕಸೂತಿಯ ಬಟ್ಟೆಯು ರಕ್ತನಾಳದಂತೆ ಕಾಣುವುದಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಸುಶ್ರುತನ ಸೀವ್ಯಕರ್ಮಕ್ಕೆ ಹೇಳಿದ ದಟ್ಟನೆಯ ಬಟ್ಟೆಯ ಅಂಚನ್ನು, ಆ ಗ್ರಂಥದ ಸಂಪರ್ಕವಿಲ್ಲದೆಯೇ, ಲಿಯೋನಿನ ತರುಣನೊಬ್ಬನು ಹಿಡಿದನೆಂಬುದು ಇಲ್ಲಿ ಲಕ್ಷಿಸತಕ್ಕದ್ದು.

೧೯೫೪ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಮತ್ತವನ ಸಂಗಡಿಗರು ಒಬ್ಬ ಅವಳಿ ಸೋದರನ ಮೂತ್ರಪಿಂಡವನ್ನು ಅವನ ತದ್ರೂಪಿ ಸೋದರನಲ್ಲಿ ನಿಲ್ಲಿಸಿದರು. ಭಾರತದಲ್ಲಿ ೧೯೭೧ರಲ್ಲಿ ವೇಲೂರಿನಲ್ಲಿ ಮೂತ್ರಪಿಂಡದ ಕಸಿ ಸಫಲವಾಯಿತು. ಆ ಕಾಲದ ಪ್ರವರ್ತಕರಿಗೆ ಅಭ್ಯಾಸದ ವಸ್ತುವು ಹೆಚ್ಚಾಗಿ ನಾಯಿಯಾಗಿತ್ತು. ಪ್ರಾಣಿಗಳ ಮೇಲಿನ ಅಭ್ಯಾಸಕ್ಕೆ ವೆಚ್ಚವೂ ಅಧಿಕ, ಅದರ ಬಗೆಗಿನ ಸಂಕೋಚವೂ ಈಗ ಅಧಿಕ. ಇತ್ತ ಕಲಿಯುವವನಿಗೆ ಅವಕಾಶವು ಕಡಿಮೆ. ಮೂತ್ರಪಿಂಡವನ್ನು ಹಿಮಶೈತ್ಯದಿಂದ ತೆಗೆದು ಹೊಟ್ಟೆಯ ಕೆಳಭಾಗದಲ್ಲಿಟ್ಟ ಕ್ಷಣದಿಂದ ರಕ್ತವು ಮತ್ತೆ ಹರಿಯುವವರೆಗೆ ಅದು ಬೆಚ್ಚಗಾಗುತ್ತಲೇ ಇರುವುದು. ಧಮನಿಯನ್ನೂ ಸಿರೆಯನ್ನೂ ಅಲ್ಲಿನ ದೊಡ್ಡ ನಾಳಗಳ ಪಕ್ಕಕ್ಕೆ ಹೊಲಿದು ಮುಗಿಸಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ತಡವಾದಷ್ಟೂ ಅಂಗಕ್ಕೆ ಹಾನಿ. ದಾನವಾಗಿ ಬಂದ ಆ ಒಂದು ಅಂಗದ ಮೇಲೆ ಶಿಷ್ಯನ ಮೊದಲ ಹೊಲಿಗೆಯು ಬೀಳಬಾರದೆಂದರೆ ಅದು ಬೇರೆಲ್ಲಿಯೋ ಬಿದ್ದು ಮುಗಿದಿರಬೇಕು.

ಇದಕ್ಕಾಗಿ ರಚಿತವಾಗುವ ಅಗ್ಗದ ಪ್ರತಿಕೃತಿಯ ಸ್ವರೂಪವು ಸರಳ. ಒಂದು ಗೇಣು ಆಳದ ಪೆಟ್ಟಿಗೆ. ಅದರ ತಳದಲ್ಲಿ ಧಮನಿಗೂ ಸಿರೆಗೂ ಬದಲಾಗಿ ರಬ್ಬರಿನ ಅಥವಾ ಸಿಲಿಕೋನಿನ ಎರಡು ಕೊಳವೆಗಳು. ಅಚ್ಚಿನಲ್ಲಿ ಎರೆದ ಅಥವಾ ಸ್ಪಂಜಿನಿಂದ ಕತ್ತರಿಸಿದ ಮೂತ್ರಪಿಂಡಕ್ಕೆ ಎರಡು ಮೋಟು ನಾಳಗಳು. ಕೊಳವೆಯ ಪಕ್ಕದಲ್ಲಿ ಬಾಯಿ ತೆಗೆದು ಮೋಟು ನಾಳವನ್ನು ಹೊಲಿದ ಮೇಲೆ ಪಿಚಕಾರಿಯಿಂದ ಬಣ್ಣದ ನೀರನ್ನು ಬಿಟ್ಟರೆ ಸೋರುವೆಡೆಗಳು ತಾವಾಗಿಯೇ ಕಾಣುವುವು. ಬಳಿಕ ಕೊಳವೆಯನ್ನು ಉದ್ದಕ್ಕೆ ಸೀಳಿದರೆ, ಸೂಜಿಯು ಎದುರುಗೋಡೆಯನ್ನು ಕಚ್ಚಿತೇ, ಹೊಲಿಗೆಗಳ ನಡುವಣ ಅಂತರವು ಸಮವಾಗಿತ್ತೇ ಎಂಬುದು ತಿಳಿಯುವುದು. ಜೀವಂತನಲ್ಲಿ ಈ ಕೊನೆಯ ಪರೀಕ್ಷೆಯು ಸಾಧ್ಯವೇ ಇಲ್ಲ. ಇನ್ನೂ ಸೂಕ್ಷ್ಮವಾದ ನಾಳಗಳ ಹೊಲಿಗೆಗೆ ಅಡಿಗೆಯ ಕೋಳಿಯ ತೊಡೆಯಲ್ಲಿರುವ ಸಣ್ಣ ಧಮನಿಯನ್ನು ಉಪಯೋಗಿಸುವರು. ನೀರು ತುಂಬಿದ ತೊಗಲು, ಸತ್ತ ಪ್ರಾಣಿಯ ಸಿರೆ, ಮೆತ್ತನೆಯ ಅಂಚು ಇವು ಮೂರೂ ಇಲ್ಲಿ ಮರಳಿ ಬಂದಿವೆ.

ಇದರಲ್ಲಿ ಅತ್ಯಂತ ಮಾರ್ಮಿಕವಾದ ಅಂಶವು ಪೆಟ್ಟಿಗೆಯ ಆಳ. ಮೇಜಿನ ಮೇಲೆ ಹೊಲಿಯಬಲ್ಲವನ ಮಣಿಕಟ್ಟು ಗೇಣುದ್ದದ ಹಳ್ಳದೊಳಗೆ ತಿರುಗುವುದಿಲ್ಲ. ಬಣ್ಣ, ಹೊಳಪು, ಕೊಬ್ಬಿನ ಪದರಗಳೆಲ್ಲ ಇದ್ದು ಈ ಆಳವಿಲ್ಲದ ಪ್ರತಿಕೃತಿಯು ಸಾರೂಪ್ಯದಲ್ಲಿ ಶ್ರೀಮಂತವಾದರೂ ಸಾಧರ್ಮ್ಯದಲ್ಲಿ ದರಿದ್ರವೇ. ರಟ್ಟಿನ ಪೆಟ್ಟಿಗೆಯು ಅದಕ್ಕಿಂತ ಮೇಲು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ೨೦೦೨ರಲ್ಲಿ ಕೆನಡಾದಿಂದ ಪ್ರಕಟವಾದ ಒಂದು ಪರೀಕ್ಷೆಯನ್ನು ಹೇಳಬಹುದು. ಅದು ಕಸಿಯನ್ನು ಕುರಿತದ್ದಲ್ಲ. ಮೂತ್ರನಾಳದಿಂದ ಕಲ್ಲನ್ನು ತೆಗೆಯುವುದನ್ನು ಕುರಿತದ್ದು. ೪೦ ಮಂದಿ ವೈದ್ಯವಿದ್ಯಾರ್ಥಿಗಳಲ್ಲಿ ಕೆಲವರಿಗೆ ಉಪನ್ಯಾಸ ಮಾತ್ರ, ಕೆಲವರಿಗೆ ಬೋರಲು ಹಾಕಿದ ಲೋಟ, ರಬ್ಬರು ನಳಿಗೆ, ಹೀರುಗೊಳವೆಗಳಿಂದ ಮಾಡಿದ ೨೦ ಡಾಲರಿನ ಪ್ರತಿಕೃತಿ, ಉಳಿದವರಿಗೆ ೩,೭೦೦ ಡಾಲರು ಬೆಲೆಯ ಸಿದ್ಧಪ್ರತಿಕೃತಿ. ಕೈಯಿಂದ ಅಭ್ಯಾಸ ಮಾಡಿದವರು ಉಪನ್ಯಾಸ ಕೇಳಿದವರನ್ನು ಸ್ಪಷ್ಟವಾಗಿ ಮೀರಿಸಿದರು; ಲೋಟದವರಿಗೂ ದುಬಾರಿ ಪ್ರತಿಕೃತಿಯವರಿಗೂ ಗಣನೀಯವಾದ ವ್ಯತ್ಯಾಸವು ಕಂಡುಬರಲಿಲ್ಲ. ಬಹುಶ್ರುತನಾದರೂ ಅಯೋಗ್ಯನೆಂಬ ಸಂಹಿತೆಯ ಮಾತಿಗೆ ಇದಕ್ಕಿಂತ ನೇರವಾದ ವ್ಯಾಖ್ಯಾನವು ಬೇಕಾಗಿಲ್ಲ. ಆದರೆ ಅವರೆಲ್ಲರೂ ಆರಂಭದ ಮೆಟ್ಟಿಲಿನವರೆಂಬುದನ್ನು ಮರೆತು, ನುರಿತವರಿಗೂ ಲೋಟವೇ ಸಾಕೆಂದು ಹೇಳಿದರೆ ಅತಿವ್ಯಾಪ್ತಿದೋಷ ಬರುವುದು.

ಅಗ್ಗದ ಪ್ರತಿಕೃತಿಗಳಲ್ಲಿಯೂ ದೋಷಗಳುಂಟು. ರಬ್ಬರಿನ ಕೊಳವೆಯು ಬರಿದಾದರೂ ಬಾಯ್ದೆರೆದೇ ಇರುವುದು. ಸಿರೆಯು ಬರಿದಾದೊಡನೆ ಒದ್ದೆಬಟ್ಟೆಯಂತೆ ಕುಸಿದು ಅಂಟಿಕೊಳ್ಳುವುದು. ವೈದ್ಯರ ತೆಳುವಾದ ರಬ್ಬರು ಕೈಗವಸಿನ ಬೆರಳನ್ನು ಸಿರೆಗೆ ಬದಲಾಗಿ ಇಡುವವರು ಈ ವ್ಯತ್ಯಾಸವನ್ನು ಬಲ್ಲವರು. ಮುದಿ ರೋಗಿಯ ಧಮನಿಯ ಗೋಡೆಯಲ್ಲಿ ಸುಣ್ಣಗಟ್ಟಿ ಸೂಜಿಗೆ ಬಿರಿಯುವ ಗುಣವು ಸಿಲಿಕೋನಿಗಿಲ್ಲ. ಇವೆಲ್ಲ ಲುಪ್ತೋಪಮೆಗಳು, ಯಾವ ಅಂಗವು ಲೋಪವಾಗಿದೆಯೆಂದು ಗುರುವಿಗೆ ತಿಳಿದಿದ್ದರೆ ಅಪಾಯವಿಲ್ಲ, ತಿಳಿಯದಿದ್ದರೆ ಶಿಷ್ಯನು ರಬ್ಬರನ್ನು ಹೊಲಿಯುವುದರಲ್ಲಿಯೇ ನಿಪುಣನಾಗುವನು.

ಯೋಗ್ಯಾಸೂತ್ರೀಯಾಧ್ಯಾಯವೂ ವಿಮರ್ಶೆಗೆ ಹೊರತಲ್ಲ. ಪ್ರತಿಯೊಂದು ಕರ್ಮವನ್ನೂ ಬಿಡಿಬಿಡಿಯಾಗಿ ಕಲಿಸುವ ಆ ಪಟ್ಟಿಯು, ಕತ್ತರಿಸಿದ ಗಳಿಗೆಯಲ್ಲಿಯೇ ಹೊಲಿಯಬೇಕಾಗಿ ಬಂದಾಗಿನ ಗಡಿಬಿಡಿಯನ್ನು ಕುರಿತು ಏನನ್ನೂ ಹೇಳುವುದಿಲ್ಲ. ಎಷ್ಟು ಸಲ ಮಾಡಿದರೆ ಸಾಕು, ಶಿಷ್ಯನು ಸಿದ್ಧನಾದನೆಂದು ಯಾವುದರಿಂದ ಅಳೆಯಬೇಕು ಎಂಬುದೂ ಅಲ್ಲಿಲ್ಲ. ತಾವರೆಯ ದಂಟಿನಿಂದ ರಕ್ತ ಬರುವುದಿಲ್ಲ. ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಹೇಳಿದ ಶವಪರೀಕ್ಷೆಯು, ಅಂದರೆ ಶವವನ್ನು ಹುಲ್ಲಿನಿಂದ ಸುತ್ತಿ ಪಂಜರದಲ್ಲಿಟ್ಟು ಏಳು ರಾತ್ರಿ ಹೊಳೆಯಲ್ಲಿ ನೆನೆಹಾಕಿ ಬಳಿಕ ಕುಂಚದಿಂದ ಪದರಪದರವಾಗಿ ಉಜ್ಜಿ ನೋಡುವ ಕ್ರಮವು, ಕಣ್ಣಿಗೆ ಶಿಕ್ಷಣ ಕೊಡುವಂಥದು. ಅಷ್ಟು ಕೊಳೆತ ದೇಹದ ಮೇಲೆ ಕೈಯ ಅಭ್ಯಾಸವು ಸಾಗದು. ಕಣ್ಣಿಗೆ ಶವ, ಕೈಗೆ ಕುಂಬಳ ಎಂದು ಎರಡನ್ನೂ ಬೇರಿಟ್ಟ ಗ್ರಂಥವು, ಅವೆರಡೂ ಶಿಷ್ಯನಲ್ಲಿ ಕೂಡುವುದೆಲ್ಲಿ ಎಂಬ ಪ್ರಶ್ನೆಯನ್ನು ಬಿಟ್ಟುಬಿಟ್ಟಿದೆ. ಅದು ಕೂಡುತ್ತಿದ್ದುದು ಪ್ರಾಯಶಃ ಮೊದಲನೆಯ ರೋಗಿಯ ಮೇಲೆಯೇ. ಇಂದಿನ ಪೆಟ್ಟಿಗೆಯಲ್ಲಿ ಧಮನಿ, ಸಿರೆ, ಆಳ, ಗಡಿಯಾರ ಇವು ಒಟ್ಟಿಗೆ ಬರುವುದರಿಂದ ಆ ಸಂಧಿಯು ಒಂದು ಹೆಜ್ಜೆಯಷ್ಟು ಹಿಂದಕ್ಕೆ, ರೋಗಿಯಿಂದ ಆಚೆಗೆ, ಸರಿದಿದೆ.

ಛೇದ್ಯಕ್ಕೆ ಹೇಳಿದ ಕಾಯಿಗಳು ಒಂದಲ್ಲ, ಆರು. ಡಲ್ಹಣನೇ ಮೊದಲಾದವರ ವ್ಯಾಖ್ಯಾನಗಳನ್ನು ಮುಂದಿಟ್ಟುಕೊಂಡು ಇವುಗಳಿಗೆ ಸಮನಾದ ದೇಶ್ಯನಾಮಗಳನ್ನು ನಿರ್ಣಯಿಸುವ ಕೆಲಸವು ನಿಘಂಟುಕಾರರ ಪಾಲಿನದೆಂದು ಇದುವರೆಗೆ ಭಾವಿಸಲಾಗಿದೆ. ಆದರೆ ಒಂದೇ ಕರ್ಮಕ್ಕೆ ಆರು ಕಾಯಿಗಳೇಕೆಂಬುದಕ್ಕೆ ಉತ್ತರವು ಕೋಶದಲ್ಲಿ ದೊರೆಯುವಂತಿಲ್ಲ. ಕುಂಬಳದ ಗಡುಸು ತೊಗಟೆ, ಕಲ್ಲಂಗಡಿಯ ದಪ್ಪ ಸಿಪ್ಪೆಯ ಕೆಳಗಿನ ನೀರುತಿರುಳು, ಸೌತೆಯ ತೆಳುಸಿಪ್ಪೆ ಇವು ಅಲಗಿಗೆ ಕೊಡುವ ತಡೆಯು ಬೇರೆಬೇರೆ. ಅವುಗಳನ್ನು ಗ್ರಂಥದಲ್ಲಿ ಹೇಳಿದ ಅನುಕ್ರಮದಲ್ಲಿಯೇ ಒಬ್ಬ ಶಸ್ತ್ರವೈದ್ಯನಿಂದ ಕೊಯ್ಯಿಸಿ, ಅವನ ಕೈಗೆ ತಿಳಿದುದನ್ನು ಪಕ್ಕದಲ್ಲಿ ಕುಳಿತ ಸಂಸ್ಕೃತಪಂಡಿತನು ಬರೆದುಕೊಂಡರೆ, ಆ ಅನುಕ್ರಮವು ಪಾಠಕ್ರಮವೋ ಅಥವಾ ಬರಿಯ ನಾಮಾವಳಿಯೋ ಎಂಬುದು ಒಂದು ಮಧ್ಯಾಹ್ನದೊಳಗಾಗಿ ತೀರ್ಮಾನವಾಗಬಹುದು.